ಹಾಕಿದ್ಯಾ ಬಾಗಿಲು? ಒಂದು ಕಾದಂಬರಿ ಎಡಿಟಿಂಗ್ ಪ್ರಕರಣ

ನಾನು ಫ್ರೀಲಾನ್ಸ್ ಎಡಿಟರ್. ಕಥೆ, ಕಾದಂಬರಿ ಬಿಟ್ಟು ಬೇರೆ ಕೆಲಸ ಹಿಡಿಯುವುದಿಲ್ಲ. ಇದು ನನ್ನ ಕೈಯಲ್ಲೇ ಕೆಟ್ಟು, ಮತ್ತೆ ನನ್ನ ಕೈಯಲ್ಲೇ ಸರಿಯಾದ ಒಂದು ಕಾದಂಬರಿಯ ಪ್ರಕರಣ. ಲೇಖಕಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು, ಪುಸ್ತಕದ ಹೆಸರು ಹಾಕಿಲ್ಲ. ಕಥೆಯ ಒಂದೆರಡು ವಿವರ ಬದಲಿಸಿದ್ದೇನೆ. ಅಂಕಿಗಳೆಲ್ಲ ನನ್ನ ಕೆಲಸದ ಡೈರಿಯಲ್ಲಿ ಇರುವವೇ.

ಎಡಿಟಿಂಗ್ ಕೆಲಸಕ್ಕೆ ಇಳಿಯುವವರು ಮೊದಲ ವಾರದಲ್ಲೇ ಒಂದು ಪುಟ ಬರೆದಿಟ್ಟುಕೊಳ್ಳುತ್ತಾರೆ. ನಮ್ಮ ಗುರಿ ಇದು, ನಮ್ಮ ಮೌಲ್ಯ ಇವು ಅಂತ. ನಾನೂ ಬರೆದಿದ್ದೆ. ಆ ಪುಟದಲ್ಲಿದ್ದ ಒಂದು ಗುರಿಯೂ ಒಂದು ಮೌಲ್ಯವೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅನ್ನೋದು ನನಗೆ ಎರಡು ವರ್ಷ ಗೊತ್ತೇ ಆಗಲಿಲ್ಲ.

ವರ್ಷಕ್ಕೆ ಇಪ್ಪತ್ತು

ಕೆಲಸ ಶುರು ಮಾಡಿ ಮೂರನೇ ವರ್ಷ. ಮೇಜಿನ ಎದುರು ಒಂದು ಚೀಟಿ ಅಂಟಿಸಿಕೊಂಡಿದ್ದೆ: 'ವರ್ಷಕ್ಕೆ 20 ಪುಸ್ತಕ'. ಲೆಕ್ಕ ಸರಳವಾಗಿತ್ತು. ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಜಾಸ್ತಿ ಎಡಿಟಿಂಗ್ ನನ್ನಿಂದ ಆಗುವುದಿಲ್ಲ. ಅದಾದ ಮೇಲೆ ಕಣ್ಣು ಸಾಲಿನ ಮೇಲೆ ಓಡುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. ವಾರಕ್ಕೆ ಐದು ದಿನ, ರಜೆ, ಹುಷಾರಿಲ್ಲದ ದಿನ ಎಲ್ಲ ಕಳೆದರೆ ವರ್ಷಕ್ಕೆ ಸುಮಾರು ಸಾವಿರ ಗಂಟೆ ಸಿಗುತ್ತದೆ. ಇಪ್ಪತ್ತು ಪುಸ್ತಕ ಅಂದರೆ ಒಂದೊಂದಕ್ಕೆ ಐವತ್ತು ಗಂಟೆ.

ಅದೇ ಪುಟದಲ್ಲಿ, ಮೌಲ್ಯಗಳ ಕೆಳಗೆ, ಮೊದಲ ಸಾಲು ಹೀಗಿತ್ತು: 'ಲೇಖಕರ ದನಿಗೆ ಗೌರವ'. ಆ ಸಾಲು ನನಗೆ ತುಂಬಾ ಇಷ್ಟ. ಬರೆದಾಗ ಮನಸಾರೆ ಬರೆದದ್ದು. ಆದರೆ ಆ ಗೌರವಕ್ಕೆ ಐವತ್ತು ಗಂಟೆಯಲ್ಲಿ ಎಷ್ಟು ಗಂಟೆ ಇಟ್ಟಿದ್ದೀಯಾ ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಸ್ತಪ್ರತಿ ಬಂದದ್ದು

ಲೇಖಕಿಗೆ ಅದು ಮೊದಲ ಕಾದಂಬರಿ. ಆರು ವರ್ಷ ಬರೆದಿದ್ದರು. 96,000 ಪದ. ಪುಟಕ್ಕೆ 250 ಪದ ಅಂತ ನಾವು ಹಿಡಿಯುವ ಲೆಕ್ಕದಲ್ಲಿ 384 ಪುಟ. ಕಥೆ ಒಬ್ಬ ತಾಯಿ, ಒಬ್ಬಳು ಮಗಳದ್ದು. ಮಗಳು ತುಂಬಾ ವರ್ಷಗಳ ನಂತರ ತಾಯಿಯ ಮನೆಗೆ ಬಂದು ಉಳಿಯುತ್ತಾಳೆ. ದೊಡ್ಡ ಘಟನೆಗಳು ಕಡಿಮೆ. ಮನೆಯೊಳಗಿನ ಮಾತುಕತೆ ಜಾಸ್ತಿ.

ಮೊದಲ ಮೇಲ್‌ನಲ್ಲಿ ಅವರು ಕೇಳಿದ್ದು ಇಷ್ಟೇ: 'ಭಾಷೆ ಬಿಗಿ ಮಾಡಿಕೊಡಿ. ಉದ್ದ ಆಗಿದೆ ಅಂತ ಓದಿದವರು ಹೇಳುತ್ತಾರೆ.'

ಎಡಿಟಿಂಗ್ ಅನ್ನೋದು ಒಂದೇ ಕೆಲಸ ಅಲ್ಲ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ. ಕಥೆಯ ಕಟ್ಟಡವನ್ನೇ ನೋಡುವುದು ಒಂದು. ಯಾರ ಕಣ್ಣಿಂದ ಕಥೆ ಹೇಳಬೇಕು, ಯಾವ ಅಧ್ಯಾಯ ಎಲ್ಲಿರಬೇಕು, ಎಲ್ಲಿ ಜಗ್ಗುತ್ತಿದೆ, ಇಂಥದ್ದೆಲ್ಲ. ಇದು ಡೆವಲಪ್‌ಮೆಂಟಲ್ ಎಡಿಟಿಂಗ್. ವಾಕ್ಯದಿಂದ ವಾಕ್ಯಕ್ಕೆ ಹೋಗಿ ಲಯ, ಪದ, ಹರಿವು ನೋಡುವುದು ಲೈನ್ ಎಡಿಟಿಂಗ್. ವ್ಯಾಕರಣ, ಕಾಗುಣಿತ, ಹೊಂದಾಣಿಕೆ ನೋಡುವುದು ಕಾಪಿ ಎಡಿಟಿಂಗ್. ಪುಟ ಕಟ್ಟಿದ ಮೇಲೆ ಕೊನೆಯ ತಪ್ಪುಗಳನ್ನು ಹಿಡಿಯುವುದು ಪ್ರೂಫ್. ಇವು ಒಂದರ ಮೇಲೊಂದು ಬರಬೇಕು. ಗೋಡೆ ಎಲ್ಲಿರಬೇಕು ಅಂತ ಗೊತ್ತಾಗುವ ಮೊದಲೇ ಬಣ್ಣ ಬಳಿಯಲು ಆಗುವುದಿಲ್ಲ, ಅಲ್ವಾ?

ಅವರು ಕೇಳಿದ್ದು ಲೈನ್ ಎಡಿಟಿಂಗ್. ನಾನು ಮೊದಲ ಐದು ಪುಟಗಳ ಸ್ಯಾಂಪಲ್ ಮಾಡಿ ಕಳಿಸಿದೆ. ಅವರಿಗೆ ಇಷ್ಟವಾಯಿತು. ಒಪ್ಪಂದ ಆಯಿತು, ಅರ್ಧ ಹಣ ಮುಂಗಡ ಬಂತು. ಐದು ವಾರದಲ್ಲಿ ಫೈಲ್ ಕೊಡುತ್ತೇನೆ ಅಂತ ಹೇಳಿದೆ.

ಕಾದಂಬರಿಯನ್ನು ಒಮ್ಮೆ ಪೂರ್ತಿ ಓದಿ, ಆಮೇಲೆ ಎಡಿಟಿಂಗ್ ಶುರು ಮಾಡಬೇಕು. ಇದು ಈ ಕೆಲಸದ ಮೊದಲ ಪಾಠ. 384 ಪುಟ ಸುಮ್ನೆ ಓದಲು ನನಗೆ ಹನ್ನೆರಡು ಗಂಟೆ ಬೇಕು. ಐವತ್ತರಲ್ಲಿ ಹನ್ನೆರಡು ಹೋದರೆ ಉಳಿಯುವುದು ಮೂವತ್ತೆಂಟು. ಹೇಗೂ ಸಾಲು ಸಾಲು ಓದುತ್ತಲೇ ಹೋಗುತ್ತೇನಲ್ಲ ಅಂದುಕೊಂಡು ಮೊದಲ ಓದನ್ನು ಬಿಟ್ಟೆ. ಎಡವಿದ್ದು ಇಲ್ಲೇ. ಮುಂದೆ ಆದದ್ದೆಲ್ಲ ಇದರಿಂದ ಹುಟ್ಟಿದ್ದು.

ಕತ್ತರಿ

ಟ್ರ್ಯಾಕ್ ಚೇಂಜಸ್ (ಮಾಡಿದ ಪ್ರತಿ ಬದಲಾವಣೆಯನ್ನೂ ಫೈಲ್‌ನಲ್ಲಿ ಗುರುತು ಹಾಕಿ ತೋರಿಸುವ ಸೌಲಭ್ಯ) ಹಾಕಿಕೊಂಡು ಮೊದಲ ಪುಟದಿಂದ ಹೊರಟೆ. ಕೆಲಸ ಚೆನ್ನಾಗಿ ಸಾಗಿತು. ಉದ್ದ ವಾಕ್ಯ ಮುರಿದೆ. 'ಎಂಬುದಾಗಿ', 'ಎನ್ನುವಂತಹ' ತರಹದವನ್ನು ತೆಗೆದೆ. ಒಂದೇ ಪುಟದಲ್ಲಿ ನಾಲ್ಕು ಸಲ ಬರುತ್ತಿದ್ದ 'ಆದರೆ'ಯನ್ನು ಒಂದಕ್ಕೆ ಇಳಿಸಿದೆ. ಎಲ್ಲ ಬೇಕಾದ ಕೆಲಸವೇ.

ಮೂರನೇ ಅಧ್ಯಾಯದಲ್ಲಿ ತಾಯಿ ರಾತ್ರಿ ಮಲಗುವ ಮುಂಚೆ ಮಗಳನ್ನು ಕೇಳುತ್ತಾಳೆ:

'ಬಾಗಿಲು ಹಾಕಿದ್ಯಾ?'
'ಹ್ಞೂಂ ಅಮ್ಮ.'
'ಹಾಕಿದ್ಯಾ ಬಾಗಿಲು?'

ಎರಡನೇ ಸಲ ಕೇಳಿದ್ದು ನನಗೆ ಪುನರುಕ್ತಿ ಅನ್ನಿಸಿತು. ಮೊದಲ ಸಲ ಬರೆಯುವವರು ಮಾತುಕತೆಯನ್ನು ಹೀಗೆ ಉಬ್ಬಿಸುವುದು ತುಂಬಾ ಸಾಮಾನ್ಯ. ನಿಜ ಜೀವನದಲ್ಲಿ ಜನ ಹೇಳಿದ್ದನ್ನೇ ಹೇಳುತ್ತಾರೆ, ಪುಟದ ಮೇಲೆ ಅದು ಬೇಸರ ತರಿಸುತ್ತದೆ. ಮೂರನೇ ಸಾಲನ್ನು ಹೊಡೆದು ಹಾಕಿದೆ. ಕಾಮೆಂಟ್ ಕೂಡ ಬರೆಯಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಮತ್ತೆ ಅಂಥದ್ದೇ ಸಿಕ್ಕಿತು. 'ನಾಳೆ ಯಾವ ವಾರ?' ಅಂತ ಒಂದೇ ಪುಟದಲ್ಲಿ ಎರಡು ಸಲ. ಅದೂ ಹೋಯಿತು. ಆರನೆಯದರಲ್ಲಿ ಮೂರು ಕಡೆ. ಆ ಹೊತ್ತಿಗೆ ನನ್ನ ಕೈಗೆ ಅದು ರೂಢಿಯಾಗಿತ್ತು. ತಾಯಿ ಎಲ್ಲಿ ಎರಡನೇ ಸಲ ಬಾಯಿ ತೆರೆದರೂ ಬೆರಳು ತಾನಾಗಿ ಡಿಲೀಟ್ ಕೀಗೆ ಹೋಗುತ್ತಿತ್ತು.

ಹದಿನಾಲ್ಕನೇ ಅಧ್ಯಾಯದಲ್ಲಿ ಮಗಳಿಗೆ ಗೊತ್ತಾಗುತ್ತದೆ, ಅಮ್ಮನಿಗೆ ಮರೆವು ಶುರುವಾಗಿದೆ ಅಂತ. ಅದನ್ನು ಓದಿದಾಗ ನನಗೆ ಏನೂ ಹೊಳೆಯಲಿಲ್ಲ ಅಂತ ಹೇಳಲಾರೆ. ಏನೋ ಒಂದು ಕ್ಷಣ ತಡೆಯಿತು. ಹಿಂದೆ ಹೋಗಿ ನೋಡಬೇಕು ಅನ್ನಿಸಿತು. ಡೆಡ್‌ಲೈನ್‌ಗೆ ಒಂಬತ್ತು ದಿನ ಇತ್ತು, ಮುಂದಿನ ಹಸ್ತಪ್ರತಿ ಆಗಲೇ ಬಂದು ಕೂತಿತ್ತು. ನೋಡಲಿಲ್ಲ. ಬದಲಿಗೆ ಕಾಮೆಂಟ್‌ನಲ್ಲಿ ಹೀಗೆ ಬರೆದೆ: 'ಈ ತಿರುವು ತುಂಬಾ ಹಠಾತ್ತಾಗಿ ಬರುತ್ತದೆ. ಮೊದಲೇ ಸ್ವಲ್ಪ ಸುಳಿವು ಕೊಡಬಹುದಾ?'

ಸುಳಿವುಗಳನ್ನೆಲ್ಲ ತೆಗೆದವನು ನಾನೇ. ಸುಳಿವು ಕೊಡಿ ಅಂತ ಕೇಳಿದವನೂ ನಾನೇ. ಆ ಕಾಮೆಂಟ್ ಇವತ್ತಿಗೂ ಆ ಫೈಲ್‌ನಲ್ಲಿದೆ. ನಾನು ಅಳಿಸಿಲ್ಲ.

52 ಗಂಟೆಯಲ್ಲಿ ಕೆಲಸ ಮುಗಿಯಿತು. 4,318 ಬದಲಾವಣೆ, 57 ಕಾಮೆಂಟ್. 96,000 ಪದ 81,000ಕ್ಕೆ ಇಳಿದಿತ್ತು. ಹೇಳಿದ ದಿನಕ್ಕೆ ಒಂದು ದಿನ ಮೊದಲೇ ಫೈಲ್ ಕಳಿಸಿದೆ. ಲೇಖಕಿ ಥ್ಯಾಂಕ್ಸ್ ಹೇಳಿ ಉಳಿದ ಹಣ ಕೊಟ್ಟರು. ಆ ತಿಂಗಳು ನನಗೆ ನನ್ನ ಬಗ್ಗೆ ಹೆಮ್ಮೆಯೇ ಇತ್ತು.

ಎರಡು ತಿಂಗಳ ನಂತರದ ಪತ್ರ

ಪತ್ರದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಬರೆದಿದ್ದು ಸುಮಾರು ಹೀಗೆ. ಎಲ್ಲ ಬದಲಾವಣೆಗಳನ್ನೂ ಒಂದೇ ಸಲ ಒಪ್ಪಿಕೊಂಡುಬಿಟ್ಟೆ, ನೀವು ತಿಳಿದವರು ಅಂತ. ಈಗ ಪೂರ್ತಿ ಓದಿದೆ. ಚೊಕ್ಕವಾಗಿದೆ, ವೇಗವಾಗಿದೆ. ಆದರೆ ಅಮ್ಮ ಎಲ್ಲೂ ಕಾಣಿಸುತ್ತಿಲ್ಲ. ಪುಸ್ತಕ ಚೆನ್ನಾಗಿದೆ, ನನ್ನದು ಅನ್ನಿಸುತ್ತಿಲ್ಲ. ತಪ್ಪು ನನ್ನದೇ ಇರಬಹುದು. ಏನು ಮಾಡಲಿ ಹೇಳಿ.

'ತಪ್ಪು ನನ್ನದೇ ಇರಬಹುದು' ಅನ್ನೋ ಮಾತು ನನ್ನನ್ನು ತುಂಬಾ ಕಾಡಿತು. ಮೊದಲ ಪುಸ್ತಕದ ಲೇಖಕರು ಎಡಿಟರ್ ಹೇಳಿದ್ದನ್ನು ಹೆಚ್ಚುಕಡಿಮೆ ಕಣ್ಣು ಮುಚ್ಚಿ ಒಪ್ಪುತ್ತಾರೆ. 'ಆಕ್ಸೆಪ್ಟ್ ಆಲ್' ಅಂತ ಒಂದು ಬಟನ್ ಇದೆ. ಅದನ್ನು ಒತ್ತುವಾಗ ಅವರು ನಮ್ಮ ಮೇಲೆ ಇಡುವ ನಂಬಿಕೆ ಎಷ್ಟು ದೊಡ್ಡದು ಅಂತ ಒಂದು ನಿಮಿಷ ಯೋಚಿಸಿ. ಲೇಖಕರು ಒಪ್ಪಿದ್ದಾರಲ್ಲ, ಹಾಗಾಗಿ ನನ್ನ ಜವಾಬ್ದಾರಿ ಮುಗಿಯಿತು ಅಂತ ವಾದ ಮಾಡಬಹುದು. ಒಪ್ಪಂದದ ಪ್ರಕಾರ ಅದು ಸರಿಯೂ ಹೌದು. ನನಗೆ ಆ ವಾದ ಬಾಯಿಗೆ ಬರಲಿಲ್ಲ.

ಆ ರಾತ್ರಿ ಮೂಲ ಫೈಲ್ ತೆರೆದು ಮೊದಲ ಬಾರಿಗೆ ಆ ಕಾದಂಬರಿಯನ್ನು ಓದುಗನ ಹಾಗೆ ಓದಿದೆ. ಎರಡು ದಿನ ಹಿಡಿಯಿತು. ತಾಯಿ ಎರಡನೇ ಸಲ ಕೇಳುವ ಪ್ರಶ್ನೆಗಳು 41 ಇದ್ದವು. ಮೂರನೇ ಅಧ್ಯಾಯದಲ್ಲಿ ಅವು ಬರೀ ತಾಯಂದಿರ ಕಾಳಜಿಯ ಹಾಗೆ ಕೇಳಿಸುತ್ತವೆ. ಆರನೇ ಅಧ್ಯಾಯದಲ್ಲಿ ಮಗಳಿಗೆ ಕಿರಿಕಿರಿ. ಒಂಬತ್ತರಲ್ಲಿ ಅವಳು ರೇಗುತ್ತಾಳೆ. ನಾನು ಪ್ರಶ್ನೆ ತೆಗೆದದ್ದರಿಂದ ಆ ರೇಗಾಟಕ್ಕೆ ಕಾರಣವೇ ಇರಲಿಲ್ಲ. ಮಗಳು ಸುಮ್ಸುಮ್ನೆ ಸಿಡುಕುವ ಹೆಂಗಸಿನ ಹಾಗೆ ಕಾಣುತ್ತಿದ್ದಳು.

ಇನ್ನೊಂದು ಸೂಕ್ಷ್ಮ ನನಗೆ ಆಗ ಕಂಡಿತು. ಎರಡನೇ ಪ್ರಶ್ನೆಯಲ್ಲಿ ಪದಗಳ ಜಾಗ ಬದಲಾಗುತ್ತಿತ್ತು. 'ಬಾಗಿಲು ಹಾಕಿದ್ಯಾ?' ಅಂತ ಕೇಳಿದವಳು ಆಮೇಲೆ 'ಹಾಕಿದ್ಯಾ ಬಾಗಿಲು?' ಅನ್ನುತ್ತಾಳೆ. ಕನ್ನಡದಲ್ಲಿ ಎರಡೂ ಸರಿ. ಮೊದಲನೆಯದು ಸಹಜವಾಗಿ ಕೇಳಿದ್ದು. ಎರಡನೆಯದರಲ್ಲಿ ಕ್ರಿಯಾಪದ ಮುಂದೆ ಬಂದು ಸ್ವಲ್ಪ ಆತಂಕ ಕೇಳಿಸುತ್ತದೆ. ಅವಳಿಗೆ ಉತ್ತರ ನೆನಪಿಲ್ಲ, ಆದರೆ ಏನೋ ಕೇಳಿದ್ದೆ ಅನ್ನೋದರ ನೆರಳು ಉಳಿದಿದೆ. ಹದಿನೆಂಟನೇ ಅಧ್ಯಾಯದ ಹೊತ್ತಿಗೆ ಪದಗಳು ಜಾಗ ಬದಲಿಸುವುದೂ ನಿಲ್ಲುತ್ತದೆ. ಮೂರು ಸಲವೂ ಒಂದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ. ಅಲ್ಲಿಗೆ ಆ ನೆರಳೂ ಹೋಯಿತು ಅಂತ ಅರ್ಥ. ಲೇಖಕಿ ಎಲ್ಲೂ ರೋಗದ ಹೆಸರು ಬರೆದಿಲ್ಲ. ಬರೀ ಪ್ರಶ್ನೆಯಲ್ಲೇ ಎಲ್ಲ ಹೇಳಿದ್ದಾರೆ. ಆರು ವರ್ಷ ಸುಮ್ಮನೆ ಹಿಡಿದಿರಲಿಲ್ಲ.

ಮತ್ತೆ ಮೊದಲಿಂದ

ಮಾರನೇ ದಿನ ಫೋನ್ ಮಾಡಿ ಹೇಳಿದೆ: ತಪ್ಪು ನಿಮ್ಮದಲ್ಲ, ನನ್ನದು. ನಾನು ಪೂರ್ತಿ ಓದದೆ ಕೆಲಸ ಶುರು ಮಾಡಿದೆ. ಮೂಲ ಫೈಲ್‌ನಿಂದ ಮತ್ತೆ ಮಾಡಿಕೊಡುತ್ತೇನೆ, ಹಣ ಬೇಡ. ಬೇಡ ಅಂದರೆ ಕೊಟ್ಟ ಹಣ ವಾಪಸ್ ಕೊಡುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀವು ಮೂಲ ಓದಿದ್ರಾ ಈಗ?' ಅಂತ ಕೇಳಿದರು. ಓದಿದೆ ಅಂದೆ. ಹದಿನೆಂಟನೇ ಅಧ್ಯಾಯದ ಬಗ್ಗೆ ಹೇಳಿದೆ. ಆಗ ಅವರು ಒಪ್ಪಿಕೊಂಡರು.

ಎರಡನೇ ಸಲ ಕೆಲಸದ ಕ್ರಮವೇ ಬೇರೆ ಇತ್ತು. ಮೊದಲು ಒಂದು ಸ್ಟೈಲ್ ಶೀಟ್ ಮಾಡಿದೆ. ಇದು ಎಡಿಟರ್ ಪ್ರತಿ ಪುಸ್ತಕಕ್ಕೂ ಇಟ್ಟುಕೊಳ್ಳುವ ಪಟ್ಟಿ. ಪಾತ್ರಗಳ ವಯಸ್ಸು, ಯಾವ ಘಟನೆ ಯಾವ ದಿನ, ಯಾವ ಪದವನ್ನು ಹೇಗೆ ಬರೆಯಬೇಕು, ಎಲ್ಲ ಇರುತ್ತದೆ. ಸಾಮಾನ್ಯವಾಗಿ ನಾನು ಅದರಲ್ಲಿ ಕಾಗುಣಿತ, ತಾರೀಖು ಮಾತ್ರ ಬರೆಯುತ್ತಿದ್ದೆ. ಈ ಸಲ 'ಮುಟ್ಟಬಾರದ್ದು' ಅಂತ ಒಂದು ಕಾಲಂ ಸೇರಿಸಿದೆ. ಅಮ್ಮನ ಎರಡನೇ ಪ್ರಶ್ನೆ ಅದರಲ್ಲಿ ಮೊದಲನೆಯದು. ಮಗಳು ಅರ್ಧಕ್ಕೆ ಬಿಡುವ ವಾಕ್ಯಗಳು ಎರಡನೆಯದು. ಆ ಕಾಲಂ ತುಂಬಿಸಲು ಲೇಖಕಿಯ ಜೊತೆ ಒಂದು ಗಂಟೆ ಮಾತಾಡಿದೆ. ಆ ಒಂದು ಗಂಟೆ ಮೊದಲೇ ಮಾತಾಡಿದ್ದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಇನ್ನೊಂದು ಬದಲಾವಣೆ: ಸಂಶಯ ಬಂದ ಕಡೆ ತಿದ್ದದೆ, ಕೇಳಿದೆ. ಒಂದು ಉದಾಹರಣೆ ಕೊಡುತ್ತೇನೆ. ಮಗಳು ತಾಯಿಯನ್ನು ಉದ್ದಕ್ಕೂ 'ನೀನು' ಅನ್ನುತ್ತಾಳೆ. ಮೂರು ಕಡೆ ಮಾತ್ರ 'ನೀವು' ಬಂದಿತ್ತು. ಮೊದಲ ಸುತ್ತಿನಲ್ಲಿ ಮೂರನ್ನೂ 'ನೀನು' ಮಾಡಿ ಮುಂದೆ ಹೋಗಿದ್ದೆ. ಇಂಥದ್ದು ಕಾಪಿ ಎಡಿಟಿಂಗ್‌ನಲ್ಲಿ ಕಣ್ಣು ಮುಚ್ಚಿ ತಿದ್ದುವ ತಪ್ಪು. ಈ ಸಲ ಕಾಮೆಂಟ್ ಹಾಕಿದೆ: 'ಇದು ಬೇಕಂತಲೇ ಇದೆಯಾ?' ಉತ್ತರ ಬಂತು. ಎರಡು ಕಡೆ ಕೈತಪ್ಪು. ಇಪ್ಪತ್ತನೇ ಅಧ್ಯಾಯದ್ದು ಬೇಕಂತಲೇ. ಅಲ್ಲಿ ತಾಯಿ ಮಗಳ ಗುರುತು ಹಿಡಿಯುವುದಿಲ್ಲ. ಯಾರು ನೀವು ಅಂತ ಕೇಳುತ್ತಾಳೆ. ಮಗಳೂ ಅಪರಿಚಿತಳ ಹಾಗೆ 'ನೀವು ಮಲಗಿ, ನಾನು ಇಲ್ಲೇ ಇರ್ತೀನಿ' ಅನ್ನುತ್ತಾಳೆ. ಆ 'ನೀವು' ಒಂದು ಇಡೀ ಅಧ್ಯಾಯದ ಕೆಲಸ ಮಾಡುತ್ತದೆ. ನಾನು ಅದನ್ನು ವ್ಯಾಕರಣದ ತಪ್ಪು ಅಂತ ತಿದ್ದಿದ್ದೆ.

ಹಾಗಂತ ಎರಡನೇ ಸುತ್ತಿನಲ್ಲಿ ಕತ್ತರಿಯೇ ಹಾಕಲಿಲ್ಲ ಅಂತಲ್ಲ. ಇದನ್ನು ಒತ್ತಿ ಹೇಳಬೇಕು. ಲೇಖಕರ ದನಿಗೆ ಗೌರವ ಅಂದರೆ ಇದ್ದದ್ದನ್ನು ಇದ್ದ ಹಾಗೆ ಬಿಡುವುದಲ್ಲ, ಅದು ಸೋಮಾರಿತನ. ಏಳನೇ ಅಧ್ಯಾಯದಲ್ಲಿ ಮಗಳ ಹಳೇ ಆಫೀಸಿನ ಬಗ್ಗೆ ಹನ್ನೊಂದು ಪುಟ ಇತ್ತು. ಅದು ಕಥೆಗೆ ಬೇಡ ಅಂತ ಹೇಳಿದೆ, ಕಾರಣ ಬರೆದೆ. ಲೇಖಕಿ ಒಪ್ಪಲಿಲ್ಲ. ಎರಡು ಸಲ ಮೇಲ್ ಓಡಾಡಿದವು. ಕೊನೆಗೆ ಅವರೇ ಅದನ್ನು ಎರಡು ಪುಟಕ್ಕೆ ಇಳಿಸಿ ಬರೆದರು. ನಾನು ಬರೆದುಕೊಡಲಿಲ್ಲ. ಅವರ ಎರಡು ಪುಟ ನಾನು ಬರೆಯಬಹುದಾಗಿದ್ದ ಎರಡು ಪುಟಕ್ಕಿಂತ ಎಷ್ಟೋ ಪಾಲು ಚೆನ್ನಾಗಿತ್ತು.

ಎರಡನೇ ಸುತ್ತಿನ ಲೆಕ್ಕ: 1,460 ಬದಲಾವಣೆ, 212 ಕಾಮೆಂಟ್. ಕೊನೆಗೆ ಉಳಿದದ್ದು 88,000 ಪದ. ಬದಲಾವಣೆ ಮೂರನೇ ಒಂದು ಭಾಗಕ್ಕೆ ಇಳಿಯಿತು, ಪ್ರಶ್ನೆ ನಾಲ್ಕು ಪಟ್ಟು ಹತ್ತಿರ ಆಯಿತು. ಪ್ರತಿ ಹೊಸ ಪುಸ್ತಕದಲ್ಲೂ ಈಗ ನಾನು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಕಾಮೆಂಟ್ ತೀರಾ ಕಡಿಮೆ ಇದ್ದರೆ ನನಗೆ ಭಯವಾಗುತ್ತದೆ.

ಇಂಥದ್ದು ದೊಡ್ಡವರಿಗೂ ಆಗಿದೆ. ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಅವರ 1981ರ ಸಂಕಲನದಲ್ಲಿ ಎಡಿಟರ್ ಗಾರ್ಡನ್ ಲಿಷ್ ಅರ್ಧಕ್ಕೂ ಹೆಚ್ಚು ಬರಹ ಕತ್ತರಿಸಿದ್ದರು. ಕಾರ್ವರ್ 1980ರ ಜುಲೈನಲ್ಲಿ ಪತ್ರ ಬರೆದು, ಪುಸ್ತಕ ನಿಲ್ಲಿಸಿ ಅಂತ ಬೇಡಿಕೊಂಡರು. ಪುಸ್ತಕ ನಿಲ್ಲಲಿಲ್ಲ. ಅದು ದೊಡ್ಡ ಹೆಸರು ತಂದುಕೊಟ್ಟಿತು. ಮೂಲ ಬರಹ 2009ರಲ್ಲಿ ಬೇರೆ ಪುಸ್ತಕವಾಗಿ ಬಂತು, ಕಾರ್ವರ್ ತೀರಿಕೊಂಡು 21 ವರ್ಷಗಳಾದ ಮೇಲೆ. ಯಾವುದು ಮೇಲು ಅಂತ ಓದುಗರು ಇನ್ನೂ ವಾದ ಮಾಡುತ್ತಾರೆ. ಕತ್ತರಿಸಿದ್ದು ಚೆನ್ನಾಗಿದೆ ಅನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ನನ್ನ ಮನಸ್ಸು ಆ ಪತ್ರದ ಹತ್ತಿರವೇ ನಿಲ್ಲುತ್ತದೆ. ಪುಸ್ತಕ ಗೆದ್ದರೂ, ಬರೆದವರು ನಿಲ್ಲಿಸಿ ಅಂದ ಮೇಲೆ ನಿಲ್ಲಬೇಕಿತ್ತು ಅನ್ನೋದು ನನ್ನ ಪಕ್ಷ. ಪುಸ್ತಕದ ಮೇಲೆ ಇರುವುದು ಅವರ ಹೆಸರು.

ಚೀಟಿ ಬದಲಾಯಿತು

ಕೆಲಸ ಮುಗಿದ ವಾರ ಆ ಹಳೇ ಪುಟವನ್ನು ತೆಗೆದು ಕೂತೆ. ಈ ಸಲ ಗುರಿಯಿಂದ ಶುರು ಮಾಡಲಿಲ್ಲ. ಪ್ರತಿ ಮೌಲ್ಯದ ಎದುರು ಗಂಟೆ ಬರೆದೆ.

ದನಿಗೆ ಗೌರವ ಕೊಡಬೇಕಾದರೆ ಪೆನ್ನು ಹಿಡಿಯದೆ ಒಂದು ಪೂರ್ತಿ ಓದು ಬೇಕು, ಹನ್ನೆರಡು ಗಂಟೆ. ಓದಿದ್ದನ್ನು ಟಿಪ್ಪಣಿ ಮಾಡಿ ಸ್ಟೈಲ್ ಶೀಟ್ ಕಟ್ಟಲು ಆರು. ಲೇಖಕರ ಜೊತೆ ಮಾತಿಗೆ ಮೂರು. ಲೈನ್ ಎಡಿಟಿಂಗ್ ಅರವತ್ತು, ಯಾಕಂದರೆ ಪ್ರಶ್ನೆ ಬರೆಯಲು ತಿದ್ದುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಲೇಖಕರ ಉತ್ತರ ಬಂದ ಮೇಲೆ ಎರಡನೇ ಸುತ್ತು ಹದಿನೈದು. ಒಟ್ಟು 96 ಗಂಟೆ. ಸಾವಿರ ಗಂಟೆಯಲ್ಲಿ ಹತ್ತು ಪುಸ್ತಕ. ಇಪ್ಪತ್ತು ಅನ್ನೋ ಗುರಿ ಶುರುವಿನಿಂದಲೇ ಸುಳ್ಳು ಗುರಿಯಾಗಿತ್ತು. ನನ್ನದೇ ಮಾತಿಗೆ ಬೇಕಾದ ಅರ್ಧ ಸಮಯವನ್ನು ಅದು ಮೊದಲೇ ತಿಂದುಬಿಟ್ಟಿತ್ತು.

ಪುಸ್ತಕ ಅರ್ಧಕ್ಕೆ ಇಳಿದರೆ ಹೊಟ್ಟೆಪಾಡು? ಇದನ್ನು ಮುಚ್ಚಿಟ್ಟು ಮೌಲ್ಯದ ಬಗ್ಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಪದಕ್ಕೆ ಇಷ್ಟು ಅಂತ ಇದ್ದ ದರವನ್ನು ಶೇಕಡಾ 60 ಏರಿಸಿದೆ. ಹತ್ತು ಪುಸ್ತಕಕ್ಕೆ ಹೊಸ ದರ, ಇಪ್ಪತ್ತು ಪುಸ್ತಕಕ್ಕೆ ಹಳೇ ದರ, ಎರಡನ್ನೂ ಹೋಲಿಸಿದರೆ ಆದಾಯ ಐದನೇ ಒಂದು ಭಾಗ ಕಡಿಮೆ. ಮೊದಲ ವರ್ಷ ಹಾಗೇ ಕಳೆದೆ, ಕಷ್ಟವಾಯಿತು. ಮಾತುಕತೆಗೆ ಬಂದಿದ್ದ ನಾಲ್ವರು ಲೇಖಕರು ದರ ಕೇಳಿ ಹಿಂದೆ ಸರಿದರು. ಅವರಲ್ಲಿ ಒಬ್ಬರ ಹಸ್ತಪ್ರತಿ ನನಗೆ ತುಂಬಾ ಇಷ್ಟವಾಗಿತ್ತು. ಮರುವರ್ಷ ದರವನ್ನು ಇನ್ನೊಮ್ಮೆ ಏರಿಸಿದ ಮೇಲೆ ಆದಾಯ ಹಳೇ ಮಟ್ಟಕ್ಕೆ ಬಂತು. ಪೂರ್ತಿ ಎಡಿಟಿಂಗ್‌ಗೆ ಹಣ ಹೊಂದಿಸಲು ಆಗದವರಿಗೆ ಬರೀ ಓದಿನ ವರದಿ ಕೊಡಲು ಶುರು ಮಾಡಿದೆ. ಪೂರ್ತಿ ಓದಿ, ಕಥೆ ಎಲ್ಲಿ ನಿಂತಿದೆ, ಏನು ಕೆಲಸ ಬಾಕಿ ಇದೆ ಅಂತ ಏಳೆಂಟು ಪುಟ ಬರೆದುಕೊಡುವುದು. ಉಳಿದದ್ದನ್ನು ಅವರೇ ಮಾಡಿಕೊಳ್ಳಬಹುದು. ಹೊಸಬರಿಗೆ ಎಷ್ಟೋ ಸಲ ಇದೇ ಸಾಕಾಗುತ್ತದೆ.

ಉಳಿದ ಮೌಲ್ಯಗಳನ್ನೂ ಹೀಗೇ ತಿಕ್ಕಿ ನೋಡಿದೆ. 'ಪ್ರಾಮಾಣಿಕತೆ' ಅಂತ ಒಂದು ಪದ ಇತ್ತು. ಅದನ್ನು ತೆಗೆದು, 'ಪ್ರಕಾಶಕರು ಒಪ್ಪುತ್ತಾರೆ ಅಂತ ಮಾತು ಕೊಡುವುದಿಲ್ಲ. ಪುಸ್ತಕ ಎಡಿಟಿಂಗ್‌ಗೆ ಇನ್ನೂ ಸಿದ್ಧವಾಗಿಲ್ಲ ಅನ್ನಿಸಿದರೆ ಹಣ ತೆಗೆದುಕೊಳ್ಳುವ ಮೊದಲೇ ಹೇಳುತ್ತೇನೆ' ಅಂತ ಬರೆದೆ. 'ಗೌಪ್ಯತೆ' ಅಂತ ಇತ್ತು. ಅದರ ಜಾಗದಲ್ಲಿ, ಹಸ್ತಪ್ರತಿಯ ಒಂದು ಪುಟವನ್ನೂ ಲೇಖಕರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತೋರಿಸುವುದಿಲ್ಲ, ಯಾವ ಆನ್‌ಲೈನ್ ಎಐ ಟೂಲ್‌ಗೂ ಹಾಕುವುದಿಲ್ಲ ಅಂತ ಬಂತು. 'ಸೃಜನಶೀಲ ಸಹಭಾಗಿತ್ವ' ಅಂತ ಒಂದು ಸಾಲು ಇತ್ತು. ಅದನ್ನು ಎಷ್ಟು ಓದಿದರೂ ನಾನು ಏನು ಮಾಡಬೇಕು ಅಂತ ತಿಳಿಯಲಿಲ್ಲ. ಹೊಡೆದು ಹಾಕಿದೆ.

ಒಪ್ಪಂದದಲ್ಲೂ ಎರಡು ಸಾಲು ಸೇರಿದವು. ಎಲ್ಲ ಬದಲಾವಣೆಯೂ ಸಲಹೆ ಮಾತ್ರ, ಕೊನೆಯ ಮಾತು ಲೇಖಕರದ್ದು ಅನ್ನೋದು ಒಂದು. ಮೊದಲ ಮೂರು ಅಧ್ಯಾಯಗಳ ಬದಲಾವಣೆಗಳನ್ನು ಲೇಖಕರು ಒಂದೊಂದಾಗಿ ನೋಡಿ ಉತ್ತರ ಕೊಟ್ಟ ಮೇಲೆಯೇ ನಾನು ಮುಂದೆ ಹೋಗುತ್ತೇನೆ ಅನ್ನೋದು ಇನ್ನೊಂದು. ಇದರಿಂದ ಕೆಲಸ ಒಂದು ವಾರ ಉದ್ದವಾಗುತ್ತದೆ. ಕೆಲವರಿಗೆ ಇದು ಹಿಡಿಸುವುದಿಲ್ಲ. ಹಣ ಕೊಟ್ಟ ಮೇಲೆ ನೀವೇ ಮಾಡಿ ಅನ್ನುತ್ತಾರೆ. ಅವರಿಗೆ ವಿವರಿಸುತ್ತೇನೆ. ಆದರೂ ಬೇಡ ಅಂದರೆ ಬೇರೆ ಎಡಿಟರ್ ಹುಡುಕಿಕೊಳ್ಳಿ ಅಂತ ಪ್ರೀತಿಯಿಂದಲೇ ಹೇಳುತ್ತೇನೆ.

ಸ್ಯಾಂಪಲ್ ಮಾಡುವ ರೀತಿಯೂ ಬದಲಾಯಿತು. ಮೊದಲ ಐದು ಪುಟ ಲೇಖಕರು ನೂರು ಸಲ ತಿದ್ದಿದ ಪುಟಗಳು, ಅವು ಪುಸ್ತಕದ ನಿಜ ಗುಣ ತೋರಿಸುವುದಿಲ್ಲ. ಈಗ ನಡುವಿನಿಂದ ಐದು ಪುಟ ಕೇಳುತ್ತೇನೆ, ಜೊತೆಗೆ ಇಡೀ ಕಥೆಯನ್ನು ಒಂದು ಪುಟದಲ್ಲಿ ಬರೆದು ಕಳಿಸಿ ಅನ್ನುತ್ತೇನೆ. ಕೊನೆಯನ್ನೂ ಬಿಡದೆ ಬರೆಯಬೇಕು. ಆ ಲೇಖಕಿಯಿಂದ ಅಂಥ ಒಂದು ಪುಟ ತರಿಸಿಕೊಂಡಿದ್ದರೆ ಮರೆವಿನ ವಿಷಯ ನನಗೆ ಮೊದಲ ದಿನವೇ ಗೊತ್ತಾಗಿರುತ್ತಿತ್ತು.

ಪ್ರೂಫ್

ಪುಸ್ತಕಕ್ಕೆ ಪ್ರಕಾಶಕರು ಸಿಕ್ಕರು. ಪುಟ ಕಟ್ಟಿದ ಮೇಲೆ ಪ್ರೂಫ್ ನೋಡಿದವರು ಬೇರೆಯವರು. ನನ್ನ ಪರಿಚಯದವರಲ್ಲ. ಲೇಖಕಿ ಹಸ್ತಪ್ರತಿಯ ಜೊತೆ ನಮ್ಮ ಸ್ಟೈಲ್ ಶೀಟನ್ನೂ ಕಳಿಸಿದ್ದರು. ಕೊನೆಯದಾಗಿ ಒಮ್ಮೆ ಕಣ್ಣಾಡಿಸಿ ಅಂತ ಪ್ರೂಫ್ ಫೈಲ್ ನನಗೂ ಬಂತು.

ನಾನು ಮೊದಲು ತೆರೆದದ್ದು ಮೂರನೇ ಅಧ್ಯಾಯ. 'ಹಾಕಿದ್ಯಾ ಬಾಗಿಲು?' ಪಕ್ಕದಲ್ಲಿ ಪ್ರೂಫ್ ನೋಡಿದವರು ಸಣ್ಣ ಗುರುತು ಹಾಕಿ ಬರೆದಿದ್ದರು: 'ಶೀಟ್‌ನಲ್ಲಿದೆ, ಬಿಟ್ಟಿದ್ದೇನೆ.' ಹದಿನೆಂಟನೇ ಅಧ್ಯಾಯದಲ್ಲಿ ಮೂರನೇ ಸಲ ಅದೇ ವಾಕ್ಯ ಬರುವ ಕಡೆ ಇನ್ನೊಂದು ಗುರುತು ಇತ್ತು: 'ಇಲ್ಲಿ ಪದಗಳ ಕ್ರಮ ಬದಲಾಗಿಲ್ಲ. ಹೀಗೇ ಇರಬೇಕಾ?' ನಾನು ಉತ್ತರ ಬರೆಯಲು ಹೊರಟೆ. ಅಷ್ಟರಲ್ಲಿ ಕೆಳಗೆ ಲೇಖಕಿ ಬರೆದದ್ದು ಕಂಡಿತು.

'ಹೌದು. ಹೀಗೇ ಇರಲಿ. ಕೇಳಿದ್ದಕ್ಕೆ ಥ್ಯಾಂಕ್ಸ್.'